ಜೀವನಾಂಶ: ಕಾಯುತ್ತಾ ಕೂರಬೇಡಿ, ಅರ್ಜಿ ಹಾಕಿ



ವಾರದ ಸಭೆ ನಡೆಯುತ್ತಿರುತ್ತದೆ. ಉಳಿತಾಯ ಕಟ್ಟಲು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಒಬ್ಬ ಸದಸ್ಯೆ ಮಾತ್ರ ತಲೆ ತಗ್ಗಿಸಿ ಕೂತಿರುತ್ತಾಳೆ. ಸಾಲದ ಕಂತು ಕಟ್ಟದೆ ಎರಡು ತಿಂಗಳಾಗಿದೆ. ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದರೆ ವಿಷಯ ಹೊರಗೆ ಬರುತ್ತದೆ. "ಬೆಂಗಳೂರಿಗೆ ಕೆಲ್ಸಕ್ಕೆ ಅಂತ ಹೋದೋರು ಮೂರು ವರ್ಷ ಆಯ್ತು ಅಕ್ಕಾ. ಮೊದ್ಲು ತಿಂಗ್ಳಿಗೊಂದ್ಸಲ ದುಡ್ಡು ಕಳಿಸ್ತಿದ್ರು. ಈಗ ಫೋನೂ ಎತ್ತಲ್ಲ. ಹಿರೀರು, ಸ್ವಲ್ಪ ತಾಳ್ಕೋ, ಇವತ್ತಲ್ಲ ನಾಳೆ ಬರ್ತಾನೆ ಅಂತಾರೆ. ಎರಡು ಮಕ್ಳನ್ನ ಇಟ್ಕೊಂಡು ಎಷ್ಟು ದಿನ ತಾಳ್ಲಿ?"

ಅದೇ ಸಂಘದಲ್ಲಿ ಅರವತ್ತೈದು ದಾಟಿದ ತಾಯಿಯೊಬ್ಬರು ಇರುತ್ತಾರೆ. ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟಾಗಿದೆ. ಈಗ ಬಿ.ಪಿ. ಮಾತ್ರೆಗೂ ಮಗನ ಮುಂದೆ ಕೈ ಚಾಚಬೇಕು. "ಹೆತ್ತ ಮಗನ ಮೇಲೆ ಕೋರ್ಟಿಗೆ ಹೋಗೋದುಂಟಾ?" ಎಂದು ಆಕೆ ಬಾಯಿ ಮುಚ್ಚಿಕೊಂಡಿದ್ದಾರೆ.

ಇಂಥ ಮಾತು ಕೇಳಿಬರದ ಸಂಘವೇ ಇಲ್ಲ. ಇವರಿಬ್ಬರಿಗೂ ಕಾನೂನು ಒಂದೇ ಕಲಂನಲ್ಲಿ ದಾರಿ ತೋರಿಸಿದೆ. ಅದರ ಹೆಸರು ಜೀವನಾಂಶ. ಊಟ, ಬಟ್ಟೆ, ಮನೆ ಬಾಡಿಗೆ, ಔಷಧಿ, ಮಕ್ಕಳ ಓದು ಇವಕ್ಕೆ ತಿಂಗಳು ತಿಂಗಳು ಕೊಡಬೇಕಾದ ಹಣ. ಇದು ಯಾರೋ ಕನಿಕರದಿಂದ ಕೊಡುವ ದಾನ ಅಲ್ಲ, ಕೊಡಲೇಬೇಕಾದ ಬಾಕಿ. ಆದರೆ ಬಾಕಿ ತಾನಾಗಿ ಮನೆಗೆ ಬರುವುದಿಲ್ಲ, ಕೇಳಬೇಕು. ತಡ ಮಾಡಿದಷ್ಟೂ ನಷ್ಟ ನಮ್ಮದೇ. ಅದು ಹೇಗೆ ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಯಾವ ಕಾನೂನು?

ಬಹಳ ವರ್ಷ ಇದನ್ನು "ಸೆಕ್ಷನ್ 125 ಕೇಸು" ಎನ್ನುತ್ತಿದ್ದರು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಬಂದಿದೆ. ಈಗ ಇದು 144ನೇ ಕಲಂ. ಹಳೆಯ ಕೇಸುಗಳು ಹಳೆಯ ಕಾನೂನಿನಲ್ಲೇ ಮುಂದುವರಿಯುತ್ತವೆ. ಹೊಸ ಅರ್ಜಿ ಹಾಕುವವರು 144 ಎಂದು ನೆನಪಿಟ್ಟುಕೊಂಡರೆ ಸಾಕು.

ಹಿಂದೂ, ಕ್ರೈಸ್ತ, ಮುಸಲ್ಮಾನ ಎಂಬ ಭೇದವಿಲ್ಲದೆ ಎಲ್ಲರಿಗೂ ಇದು ಅನ್ವಯಿಸುತ್ತದೆ. ತಲಾಖ್ ಆದ ಮುಸ್ಲಿಂ ಹೆಣ್ಣುಮಗಳಿಗೂ ಈ ಕಲಂ ಪ್ರಕಾರ ಕೇಳುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಸ್ಪಷ್ಟ ಮಾಡಿದೆ.

ಯಾರು ಕೇಳಬಹುದು?

1. ತನ್ನನ್ನು ತಾನು ಸಾಕಿಕೊಳ್ಳಲು ಆಗದ ಹೆಂಡತಿ. ವಿಚ್ಛೇದನ ಆಗಿ, ಮರುಮದುವೆ ಆಗದೆ ಇರುವವಳೂ ಸೇರಿ.

2. ಹದಿನೆಂಟು ತುಂಬದ ಮಕ್ಕಳು. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ಅಷ್ಟೇ ಹಕ್ಕು. ಹುಟ್ಟಿನ ತಪ್ಪನ್ನು ಕಾನೂನು ಮಗುವಿನ ತಲೆಗೆ ಕಟ್ಟುವುದಿಲ್ಲ.

3. ಅಂಗವಿಕಲತೆ ಅಥವಾ ಮಾನಸಿಕ ತೊಂದರೆಯಿಂದ ದುಡಿಯಲಾಗದ, ಹದಿನೆಂಟು ದಾಟಿದ ಮಕ್ಕಳು. ಮದುವೆಯಾದ ಮಗಳು ಇದರಲ್ಲಿ ಬರುವುದಿಲ್ಲ.

4. ತಮ್ಮನ್ನು ತಾವು ಸಾಕಿಕೊಳ್ಳಲಾಗದ ತಂದೆ, ತಾಯಿ. ಮಗ ಮಾತ್ರವಲ್ಲ, ಸ್ವಂತ ಆದಾಯವಿರುವ ಮದುವೆಯಾದ ಮಗಳೂ ಹೆತ್ತವರನ್ನು ನೋಡಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ.

ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳನ್ನು ಈಗ ನೋಡೋಣ.

"ನಾನು ಟೈಲರಿಂಗ್ ಮಾಡ್ತೀನಿ. ನಂಗೆ ಸಿಗಲ್ಲ ಅಂತಾರೆ, ನಿಜವಾ?"

ನಿಜವಲ್ಲ. ಸಾಕಿಕೊಳ್ಳಲು ಆಗದವಳು ಎಂದರೆ ಬೀದಿಗೆ ಬಿದ್ದವಳು ಎಂದರ್ಥವಲ್ಲ. ಹೊಟ್ಟೆಪಾಡಿಗೆ ಹೆಂಡತಿ ಏನೋ ಒಂದಿಷ್ಟು ದುಡಿದಳು ಎಂಬ ಕಾರಣಕ್ಕೆ ಜೀವನಾಂಶ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಗಂಡನ ಜೊತೆ ಇದ್ದಾಗ ಹೇಗಿದ್ದಳೋ ಹಾಗೆ ಬದುಕಲು ಆ ದುಡಿಮೆ ಸಾಕಾಗುತ್ತದೆಯೇ ಎಂಬುದೇ ಪ್ರಶ್ನೆ. ನಿಮ್ಮ ಸಂಪಾದನೆಯನ್ನು ಮಾತ್ರ ಮುಚ್ಚಿಡಬೇಡಿ. ಇದ್ದದ್ದನ್ನು ಇದ್ದಹಾಗೆ ಬರೆಯಿರಿ. ಸಂಘದ ಪಾಸ್‌ಬುಕ್ಕು ಎದುರಿನ ವಕೀಲರ ಕೈಗೆ ಸಿಕ್ಕಿ ನೀವು ಸುಳ್ಳು ಹೇಳಿದಂತೆ ಆದರೆ ಇಡೀ ಕೇಸು ಸಡಿಲವಾಗುತ್ತದೆ.

"ಅವ್ರು ನಂಗೆ ಕೆಲ್ಸನೇ ಇಲ್ಲ ಅಂತಾರೆ."

ಕೈಕಾಲು ಗಟ್ಟಿ ಇರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ, ಮಕ್ಕಳನ್ನು ಸಾಕಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. "ವ್ಯಾಪಾರ ನಿಂತುಹೋಗಿದೆ" ಎಂಬ ಒಂದು ಮಾತಿನಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

"ಮದ್ವೆ ರಿಜಿಸ್ಟರ್ ಆಗಿಲ್ಲ, ಏನ್ಮಾಡೋದು?"

ಜೀವನಾಂಶದ ಅರ್ಜಿಯಲ್ಲಿ ಮದುವೆಗೆ ಕಟ್ಟುನಿಟ್ಟಿನ ಪುರಾವೆ ಬೇಕಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒತ್ತಿ ಹೇಳಿದೆ. ಲಗ್ನಪತ್ರಿಕೆ, ಮದುವೆ ಫೋಟೋ, ರೇಷನ್ ಕಾರ್ಡು, ಮಕ್ಕಳ ಜನನ ಪತ್ರದಲ್ಲಿರುವ ತಂದೆಯ ಹೆಸರು, ಗಂಡ ಹೆಂಡತಿಯಾಗಿ ಬಾಳಿದ್ದನ್ನು ಕಂಡ ಅಕ್ಕಪಕ್ಕದವರ ಸಾಕ್ಷಿ ಇವೆಲ್ಲ ನೆರವಿಗೆ ಬರುತ್ತವೆ. ಮೊದಲ ಮದುವೆಯನ್ನು ಮುಚ್ಚಿಟ್ಟು ಎರಡನೆಯವಳ ಕತ್ತಿಗೆ ತಾಳಿ ಕಟ್ಟಿದವನು, ಆಮೇಲೆ "ಈ ಮದುವೆಯೇ ಊರ್ಜಿತವಲ್ಲ" ಎಂದು ಅವಳನ್ನು ಕೈಬಿಡುವಂತಿಲ್ಲ. ಹೀಗೆಂದು 2013ರಲ್ಲಿ ತೀರ್ಪಾಗಿದೆ.

"ಕೋರ್ಟಿಗೆ ಹೋದ್ರೆ ಸಂಸಾರ ಒಡೆಯುತ್ತಲ್ವಾ?"

ಇದು ವಿಚ್ಛೇದನದ ಅರ್ಜಿ ಅಲ್ಲ. ಮದುವೆ ಹಾಗೇ ಇರುತ್ತದೆ. ಇದು ಪೊಲೀಸ್ ಕಂಪ್ಲೇಂಟೂ ಅಲ್ಲ. ಅರ್ಜಿ ಹಾಕಿದ ಕೂಡಲೇ ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ, ನೋಟೀಸು ಹೋಗುತ್ತದೆ. ಎಷ್ಟೋ ಕೇಸುಗಳನ್ನು ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಅಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಬಾಳುವ ಮನಸ್ಸಿದ್ದರೆ ಅಲ್ಲೂ ದಾರಿ ಉಂಟು. ಬಾರದವನಿಗಾಗಿ ವರ್ಷಗಟ್ಟಲೆ ಕಾಯುವುದರಿಂದ ಸಂಸಾರ ಉಳಿಯುವುದಿಲ್ಲ. ಮಕ್ಕಳ ಓದು ಮಾತ್ರ ನಿಲ್ಲುತ್ತದೆ.

ಕಾಯುವುದರ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಜೀವನಾಂಶವನ್ನು ಎಲ್ಲಾ ಕೇಸುಗಳಲ್ಲೂ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಕೊಡಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ತೀರ್ಪು ಕೊಟ್ಟಿದೆ. ಇದರಲ್ಲಿ ಒಂದು ಸಂತೋಷದ ಸಂಗತಿ ಇದೆ, ಒಂದು ಎಚ್ಚರಿಕೆಯೂ ಇದೆ. ಕೇಸು ಎಳೆದರೂ ಆ ತಿಂಗಳುಗಳ ಹಣ ಬಾಕಿಯಾಗಿ ಸೇರುತ್ತಾ ಹೋಗುತ್ತದೆ, ಇದು ಸಂತೋಷ. ಅರ್ಜಿಗಿಂತ ಹಿಂದಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ, ಇದು ಎಚ್ಚರಿಕೆ.

ಸಂಘದ ಪುಸ್ತಕದಲ್ಲಿ ಬರೆದ ಹಾಗೆ ಲೆಕ್ಕ ಹಾಕಿ ನೋಡೋಣ. ಹೆಂಡತಿಗೆ 4,000, ಇಬ್ಬರು ಮಕ್ಕಳಿಗೆ ತಲಾ 2,000, ಒಟ್ಟು ತಿಂಗಳಿಗೆ 8,000 ರೂಪಾಯಿ ಎಂದು ಆದೇಶವಾಯಿತು ಎಂದಿಟ್ಟುಕೊಳ್ಳಿ. ಅರ್ಜಿ ಹಾಕಿ ಒಂದೂವರೆ ವರ್ಷಕ್ಕೆ ಆದೇಶ ಬಂತು. ಆಗ 18 ತಿಂಗಳ ಬಾಕಿ 1,44,000 ರೂಪಾಯಿಯನ್ನೂ ಆತ ಕೊಡಬೇಕು. ಆದರೆ ಅರ್ಜಿ ಹಾಕುವ ಮೊದಲು "ಇವತ್ತಲ್ಲ ನಾಳೆ ಬರ್ತಾನೆ" ಎಂದು ಮೂರು ವರ್ಷ ಕಾದಿದ್ದರೆ? ಆ 36 ತಿಂಗಳ 2,88,000 ರೂಪಾಯಿ ಹೋದಂತೆಯೇ. ಹಿರಿಯರ ಮಾತಿಗೆ ಗೌರವ ಕೊಡೋಣ. ಮಾತುಕತೆಯೂ ನಡೆಯಲಿ. ಆದರೆ ಅರ್ಜಿ ಮೊದಲು ಬೀಳಲಿ. ರಾಜಿಯಾದರೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಕಳೆದ ತಿಂಗಳುಗಳನ್ನು ಹಿಂದಕ್ಕೆ ತರಲಾಗುವುದಿಲ್ಲ.

ಎಷ್ಟು ಸಿಗುತ್ತದೆ ಎಂಬುದಕ್ಕೆ ಗೊತ್ತುಪಡಿಸಿದ ರೇಟು ಇಲ್ಲ. ಹಿಂದೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. 2001ರಲ್ಲಿ ಆ ಮಿತಿ ತೆಗೆದುಹಾಕಿದರು. ಈಗ ಆತನ ಆದಾಯ, ಆತನನ್ನು ನಂಬಿದವರು ಎಷ್ಟು ಜನ, ನಿಮ್ಮ ಮತ್ತು ಮಕ್ಕಳ ಖರ್ಚೆಷ್ಟು ಎಂಬುದನ್ನು ನೋಡಿ ನ್ಯಾಯಾಲಯ ತೀರ್ಮಾನಿಸುತ್ತದೆ.

ಎಲ್ಲಿ, ಹೇಗೆ?

ಫ್ಯಾಮಿಲಿ ಕೋರ್ಟ್ ಇರುವ ಊರಾದರೆ ಅಲ್ಲಿ, ಇಲ್ಲದಿದ್ದರೆ ತಾಲೂಕಿನ ಜೆ.ಎಂ.ಎಫ್.ಸಿ. ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಗಂಡ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದಾನೆಂದು ಅಲ್ಲಿಗೆ ಅಲೆಯಬೇಕಿಲ್ಲ. ನೀವು ಈಗ ವಾಸವಿರುವ ಊರಿನ, ಅದು ತವರುಮನೆಯಾದರೂ ಸರಿ, ಕೋರ್ಟಿನಲ್ಲೇ ಹಾಕಬಹುದು. ಹೊಸ ಕಾನೂನಿನಲ್ಲಿ ತಂದೆ ತಾಯಿಗೂ ಈ ಅನುಕೂಲ ಸೇರಿದೆ. ಅವರು ಇರುವ ಊರಿನಲ್ಲೇ ಕೇಳಬಹುದು.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ಇದಕ್ಕೆ ಆದಾಯದ ಮಿತಿ ಇಲ್ಲ. ಬಿ.ಪಿ.ಎಲ್. ಕಾರ್ಡು ಇಲ್ಲದಿದ್ದರೂ ಸಿಗುತ್ತದೆ. ತಾಲೂಕು ಕೋರ್ಟಿನ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ ಒಂದು ಅರ್ಜಿ ಕೊಡಿ. ಫೋನಿನಲ್ಲಿ ಕೇಳುವುದಾದರೆ 15100.

ಕೇಸು ಮುಗಿಯುವ ತನಕ ಒಲೆ ಉರಿಯಬೇಕಲ್ಲ? ಅದಕ್ಕೇ ಮಧ್ಯಂತರ ಜೀವನಾಂಶ ಇದೆ. ಮುಖ್ಯ ಅರ್ಜಿಯ ಜೊತೆಯಲ್ಲೇ ಇದನ್ನೂ ಕೇಳಿ. ಎದುರಿನವರಿಗೆ ನೋಟೀಸು ಮುಟ್ಟಿದ 60 ದಿನದೊಳಗೆ, ಆದಷ್ಟೂ, ಇದನ್ನು ತೀರ್ಮಾನಿಸಬೇಕು ಎಂದು ಕಾನೂನು ಹೇಳುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಕಡೆ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ. ನೋಟೀಸು ಮುಟ್ಟದಿರುವುದೇ ದೊಡ್ಡ ಕಾರಣ. ಆದ್ದರಿಂದ ಗಂಡನ ಈಗಿನ ವಿಳಾಸ, ಕೆಲಸದ ಜಾಗ, ಫೋನ್ ನಂಬರು ಸರಿಯಾಗಿ ಕೊಡಿ. ವಾಯಿದೆ ತಪ್ಪಿಸಬೇಡಿ.

ಈ ಕಾಗದಗಳನ್ನು ಒಂದು ಚೀಲದಲ್ಲಿ ಜೋಡಿಸಿಡಿ:

- ಲಗ್ನಪತ್ರಿಕೆ, ಮದುವೆ ಫೋಟೋ ಅಥವಾ ಮದುವೆ ಸರ್ಟಿಫಿಕೇಟ್, ಆಧಾರ್, ರೇಷನ್ ಕಾರ್ಡು.
- ಮಕ್ಕಳ ಜನನ ಪತ್ರ, ಶಾಲಾ ಫೀಸಿನ ರಸೀದಿ, ಆಸ್ಪತ್ರೆ ಚೀಟಿ, ಔಷಧಿ ಬಿಲ್ಲು, ಬಾಡಿಗೆ ಲೆಕ್ಕ.
- ಆತನ ಆದಾಯಕ್ಕೆ ಸಿಕ್ಕ ಗುರುತು: ಸಂಬಳ ಚೀಟಿ, ಜಮೀನಿನ ಪಹಣಿ, ಗಾಡಿಯ ನಂಬರು, ಹಿಂದೆ ನಿಮಗೆ ಹಣ ಕಳಿಸಿದ್ದಕ್ಕೆ ಬ್ಯಾಂಕ್ ಪಾಸ್‌ಬುಕ್ಕಿನ ಪುಟ.
- ನಿಮ್ಮ ತಿಂಗಳ ಖರ್ಚಿನ ಪಟ್ಟಿ. ಅಕ್ಕಿಯಿಂದ ಹಿಡಿದು ಬಸ್ ಚಾರ್ಜಿನ ತನಕ.

2020ರ ಅದೇ ತೀರ್ಪಿನಂತೆ ಗಂಡ, ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಆತನ ಬಗ್ಗೆ ನಿಮಗೆ ಗೊತ್ತಿರುವುದನ್ನು ವಕೀಲರಿಗೆ ಮೊದಲೇ ಹೇಳಿದ್ದರೆ, ಆತ ಮುಚ್ಚಿಟ್ಟದ್ದು ಹೊರಗೆ ಬರುತ್ತದೆ.

ಆದೇಶ ಆದ ಮೇಲೂ ಕೊಡದಿದ್ದರೆ?

ಹಣ ವಸೂಲಿಗೆ ಅದೇ ಕೋರ್ಟಿನಲ್ಲಿ ವಾರಂಟು ಕೇಳಬಹುದು. ಆಗಲೂ ಕೊಡದಿದ್ದರೆ, ಬಾಕಿ ಇರುವ ಪ್ರತಿ ತಿಂಗಳ ಹಣಕ್ಕೆ ಒಂದು ತಿಂಗಳವರೆಗೆ, ಇಲ್ಲವೆ ಹಣ ಕಟ್ಟುವ ತನಕ, ಜೈಲಿಗೆ ಕಳಿಸುವ ಅಧಿಕಾರ ನ್ಯಾಯಾಧೀಶರಿಗಿದೆ. "ಜೈಲಿಗೆ ಹೋಗಿ ಬಂದೆ, ಬಾಕಿ ತೀರಿತು" ಎನ್ನುವಂತಿಲ್ಲ. ಜೈಲು ಅನುಭವಿಸಿದರೂ ಸಾಲ ಹಾಗೇ ಉಳಿಯುತ್ತದೆ.

ಇಲ್ಲಿ ಒಂದು ಗಡುವು ಇದೆ, ಗಮನವಿಡಿ. ಹಣ ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು. "ಎಲ್ಲಾ ಒಟ್ಟಿಗೆ ಕೇಳೋಣ" ಎಂದು ಎರಡು ವರ್ಷ ಸುಮ್ಮನಿದ್ದರೆ ಹಳೆಯ ತಿಂಗಳುಗಳ ಹಣಕ್ಕೆ ಈ ದಾರಿ ಮುಚ್ಚಿಹೋಗುತ್ತದೆ.

ಸಹಿ ಹಾಕುವ ಮುನ್ನ

ಊರ ಪಂಚಾಯ್ತಿಯಲ್ಲಿ ಕೂರಿಸಿ, ಇಪ್ಪತ್ತೋ ಮೂವತ್ತೋ ಸಾವಿರ ಕೈಗಿಟ್ಟು, ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. "ನಾವಿಬ್ಬರೂ ಒಪ್ಪಿ ಬೇರೆ ಬೇರೆ ಇದ್ದೇವೆ" ಎಂಬ ಒಂದು ಸಾಲು ಅದರಲ್ಲಿದ್ದರೆ ಆಮೇಲೆ ಬಹಳ ತೊಂದರೆ. ಏಕೆಂದರೆ ಪರಸ್ಪರ ಒಪ್ಪಿ ಬೇರೆ ಇರುವ ಹೆಂಡತಿಗೆ ಈ ಕಲಂನಲ್ಲಿ ಜೀವನಾಂಶ ಇಲ್ಲ. ಸರಿಯಾದ ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದವಳಿಗೂ, ಪರಪುರುಷನ ಜೊತೆ ಬಾಳುತ್ತಿರುವವಳಿಗೂ ಇಲ್ಲ. ಆತ ಇನ್ನೊಂದು ಮದುವೆಯಾಗಿದ್ದರೆ ಅಥವಾ ಬೇರೆ ಹೆಣ್ಣನ್ನು ಇಟ್ಟುಕೊಂಡಿದ್ದರೆ ಮಾತ್ರ, ಜೊತೆಗಿರಲು ಒಪ್ಪದಿರುವುದಕ್ಕೆ ಅದೇ ಸರಿಯಾದ ಕಾರಣ ಎಂದು ಕಾನೂನೇ ಹೇಳಿದೆ. ಆದ್ದರಿಂದ ಓದದೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬೇಡಿ. ಖಾಲಿ ಛಾಪಾ ಕಾಗದಕ್ಕಂತೂ ಬೇಡವೇ ಬೇಡ.

ರಾಜಿ ಆಗುವುದೇ ಆದರೆ ಕೋರ್ಟಿನ ಮುಂದೆ ಅಥವಾ ಲೋಕ ಅದಾಲತ್‌ನಲ್ಲಿ ಆಗಲಿ. ಲೋಕ ಅದಾಲತ್‌ನ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಅದರ ಮೇಲೆ ಅಪೀಲು ಇಲ್ಲದ ಕಾರಣ, ಒಪ್ಪುವ ಮುಂಚೆ ಚೆನ್ನಾಗಿ ಯೋಚಿಸಿ.

ಕ್ರೈಸ್ತ ಕುಟುಂಬಗಳವರಿಗೆ ಒಂದು ಮಾತು. ಧರ್ಮಸಭೆಯ ನ್ಯಾಯಮಂಡಳಿ ಮದುವೆಯನ್ನು ಅನೂರ್ಜಿತ ಎಂದರೂ, ದೇಶದ ಕಾನೂನಿನ ಪ್ರಕಾರ ಮದುವೆ ಮುಗಿಯಲು ಸಿವಿಲ್ ನ್ಯಾಯಾಲಯದ ಡಿಕ್ರಿಯೇ ಬೇಕು. ಸುಪ್ರೀಂ ಕೋರ್ಟ್ 1996ರಲ್ಲೂ 2017ರಲ್ಲೂ ಹೀಗೆಯೇ ಹೇಳಿದೆ. "ಚರ್ಚಿನಲ್ಲಿ ತೀರಿತು, ಇನ್ನು ಏನೂ ಕೊಡಬೇಕಿಲ್ಲ" ಎಂದರೆ ನಂಬಬೇಡಿ.

ಹೊಡೆತ, ಬಡಿತ ಇದ್ದರೆ

ಮನೆಯಲ್ಲಿ ಹಿಂಸೆ ಇದ್ದರೆ ಬರೀ ಜೀವನಾಂಶದಿಂದ ಆಗುವುದಿಲ್ಲ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಲ್ಲಿ ರಕ್ಷಣೆ, ವಾಸಕ್ಕೆ ಮನೆ, ಹಣದ ನೆರವು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಅತ್ತೆ ಅಥವಾ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಯನ್ನು ಹೊರಹಾಕುವಂತಿಲ್ಲ. ನಿಮ್ಮ ಭಾಗದ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿ.ಡಿ.ಪಿ.ಓ. ಅವರನ್ನು ಕಾಣಿ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯ ಎನ್ನಿಸಿದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ.

ಹೆತ್ತವರಿಗೆ ಇನ್ನೊಂದು ದಾರಿ

ಮೊದಲು ಹೇಳಿದ ಆ ತಾಯಿಯ ವಿಷಯಕ್ಕೆ ಬರೋಣ. ಅವರು ಕೋರ್ಟಿಗೆ ಹೋಗಲೇಬೇಕೆಂದಿಲ್ಲ. 2007ರಲ್ಲಿ ಬಂದ ತಂದೆ ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ, ಅಂದರೆ ಎ.ಸಿ.ಯವರ ಮುಂದೆ ಅರ್ಜಿ ಕೊಡಬಹುದು. ವಕೀಲರೇ ಬೇಕಿಲ್ಲ. ತಾಯಿಗೆ ನಡೆದಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಇನ್ನೊಬ್ಬರು ಅಥವಾ ಸಂಸ್ಥೆಯೊಂದು ಅವರ ಪರವಾಗಿ ಅರ್ಜಿ ಹಾಕಬಹುದು. ನೋಟೀಸು ಮುಟ್ಟಿದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಮಕ್ಕಳಿಲ್ಲದ, 60 ದಾಟಿದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು. 144ನೇ ಕಲಂ ಮತ್ತು ಈ ಕಾಯ್ದೆ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಹಿರಿಯರ ಸಹಾಯವಾಣಿ 14567.

ಬರೆದುಕೊಟ್ಟ ಮನೆಯ ಮಾತೇನು? "ನನ್ನನ್ನು ಕೊನೆತನಕ ನೋಡಿಕೊಳ್ಳಬೇಕು" ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಮಗ ಆ ಮಾತು ನಡೆಸದಿದ್ದರೆ, ಆ ಪತ್ರವನ್ನು ರದ್ದು ಮಾಡಿಸಲು ಈ ಕಾಯ್ದೆಯ 23ನೇ ಕಲಂನಲ್ಲಿ ಅವಕಾಶವಿದೆ. ಆದರೆ ಆ ಷರತ್ತು ಇತ್ತು ಎಂದು ತೋರಿಸಬೇಕಾಗುತ್ತದೆ. ಬಾಯಿಮಾತಿನ ಭರವಸೆಯನ್ನು ಸಾಬೀತು ಮಾಡುವುದು ಕಷ್ಟ. ಹಾಗಾಗಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನವೇ ಈ ಒಂದು ಸಾಲು ಪತ್ರದಲ್ಲಿದೆಯೇ ಎಂದು ಓದಿಸಿ ನೋಡಿ. ಅವಸರ ಯಾಕೆ? ಕೈಯಲ್ಲಿರುವ ತನಕವೇ ಆಸ್ತಿಗೆ ಬಲ.

ಇವತ್ತು ಸೊಸೆಯಾದವಳು ನಾಳೆ ಅತ್ತೆ. ಎರಡೂ ಕಡೆಯ ಹಕ್ಕು ನಮ್ಮ ಸಂಘದಲ್ಲೇ ಕೂತಿದೆ. ಹಿರಿಯರ ಕಾಯ್ದೆಯನ್ನು ಬಳಸಿ, ಸೊಸೆಗೆ ಮನೆಯಲ್ಲಿ ವಾಸಿಸುವ ಹಕ್ಕನ್ನು ಸುಮ್ಮನೆ ಕಿತ್ತುಹಾಕಲಾಗದು ಎಂದು ಬೆಂಗಳೂರು ನಗರ ಜಿಲ್ಲೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಎರಡೂ ಕಾನೂನನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಬ್ಬರ ಹಕ್ಕಿನಿಂದ ಇನ್ನೊಬ್ಬರು ಬೀದಿಗೆ ಬೀಳಬಾರದು.

ಸಂಘ ಏನು ಮಾಡಬಹುದು?

ಸಂಘ ನ್ಯಾಯ ತೀರಿಸುವ ಪಂಚಾಯ್ತಿ ಆಗುವುದು ಬೇಡ. ಜೊತೆಗಿರುವ ಅಕ್ಕತಂಗಿಯರಾದರೆ ಸಾಕು. ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತುವಾಗ ಇಬ್ಬರು ಜೊತೆಗೆ ಹೋಗಿ. ವಾಯಿದೆಯ ದಿನಗಳನ್ನು ಸಂಘದ ಪುಸ್ತಕದ ಕೊನೆ ಪುಟದಲ್ಲಿ ಬರೆದಿಟ್ಟು ನೆನಪಿಸಿ. ಆ ದಿನ ಮಕ್ಕಳನ್ನು ನೋಡಿಕೊಳ್ಳಿ. ಕಂತು ತಡವಾದರೆ ದಂಡ ಹಾಕುವ ಮುಂಚೆ ಕಾರಣ ಕೇಳಿ. ಆಕೆ ಹೇಳಿದ ಮಾತು ಸಭೆಯಿಂದ ಆಚೆ ಹೋಗದಿರಲಿ. ಕೇಸು ಹಾಕಬೇಕೋ ಬೇಡವೋ ಎಂಬ ತೀರ್ಮಾನ ಆಕೆಯದೇ ಆಗಿರಲಿ.

ಮುಂದಿನ ಸಭೆಯಲ್ಲಿ ಇದನ್ನು ಓದು ಬರುವವರು ಗಟ್ಟಿಯಾಗಿ ಓದಿ, ಎಲ್ಲರೂ ಸೇರಿ ಮಾತಾಡಿ:

- ನಮ್ಮ ತಾಲೂಕಿನ ಕಾನೂನು ಸೇವೆಗಳ ಸಮಿತಿ ಎಲ್ಲಿದೆ? ನಮ್ಮಲ್ಲಿ ಯಾರು ನೋಡಿದ್ದೇವೆ?
- ಗಂಡ ಅಥವಾ ಮಕ್ಕಳು ಕೈಬಿಟ್ಟು ಒದ್ದಾಡುತ್ತಿರುವವರು ನಮ್ಮ ಸಂಘದಲ್ಲಿ, ನಮ್ಮ ಬೀದಿಯಲ್ಲಿ ಇದ್ದಾರೆಯೇ? ಅವರು ಎಷ್ಟು ತಿಂಗಳಿಂದ ಕಾಯುತ್ತಿದ್ದಾರೆ?
- ಅವರ ಜೊತೆ ಸೋಮವಾರ ಕೋರ್ಟಿಗೆ ಹೋಗುವ ಇಬ್ಬರು ಯಾರು?

ಮೂರನೆಯ ಪ್ರಶ್ನೆಗೆ ಎರಡು ಹೆಸರು ಬರೆದುಕೊಂಡೇ ಸಭೆ ಮುಗಿಸಿ.